ಕೇಳುವ ಮೊದಲೇ ಬಿದ್ದ ಹೂವು

ನಾನು ಬಾಯಿ ತೆರೆಯುವ ಮೊದಲೇ ಅಮ್ಮನವರ ಬಲಗಡೆಯಿಂದ ಹೂವು ಬಿತ್ತು.

“ತಾಯಿ ಒಪ್ಪವ್ಳೆ ಕಣಮ್ಮ,” ಎಂದರು ಪೂಜಾರಿ.

ಏನನ್ನು ಒಪ್ಪಿದಳು? ಡಿಗ್ರಿಗೆ ಸೇರಿದ್ದ ಮಗಳು ಫಿಟ್‌ನೆಸ್, ರಂಗಭೂಮಿ, ಸಾಹಿತ್ಯ, ಸಮಾಜಶಾಸ್ತ್ರಗಳಲ್ಲಿ ಒಂದನ್ನು ಐಚ್ಛಿಕ ವಿಷಯವಾಗಿ ಆರಿಸಬೇಕಿತ್ತು. ಪೊಲೀಸ್ ಕೆಲಸಕ್ಕೆ ಅನುಕೂಲವಾಗಲೆಂದು ಫಿಟ್‌ನೆಸ್‌ಗೇ ಅಪ್ಪಣೆ ಕೇಳಲು ಸಾಸಲಿನ ಆ ಗುಡಿಗೆ ಅವಳನ್ನು ಎಳೆದುಕೊಂಡು ಬಂದಿದ್ದೆ. ಗಾಬರಿಯಲ್ಲೇ ಕೇಳಿಕೊಂಡೆ. ಎಷ್ಟು ಹೊತ್ತು ಕಾದರೂ ಒಂದು ಎಸಳೂ ಅಲುಗಲಿಲ್ಲ.

ಹೊರಗೆ ಚಪ್ಪಲಿ ಮೆಟ್ಟುತ್ತಾ, “ನೀನೇನಾದ್ರೂ ಕೇಳ್ಕೊಂಡ್ಯೇನೇ?” ಎಂದೆ.

“ಮನಸ್ನಲ್ಲಿ ನಾಟಕ ಅಂದ್ಕೊಂಡೆ ಅಷ್ಟೇ ಕಣಮ್ಮ. ಬಾಯೇ ಬಿಡ್ಲಿಲ್ಲ,” ಎಂದಳು.

ಅವಳೀಗ ರಂಗಭೂಮಿ ಓದುತ್ತಿದ್ದಾಳೆ. ನಾನು ಮಾತ್ರ ಆ ಗುಡಿಯಲ್ಲಿ ಏನನ್ನಾದರೂ ಬೇಡುವ ಮುಂಚೆ, ಒಮ್ಮೆ ಹಿಂದೆ ತಿರುಗಿ ಮಗಳ ಮುಖ ನೋಡುತ್ತೇನೆ.