ಕಾಲು ಮುಂದಾಗಿ ಹುಟ್ಟಿದವಳ ಸೊಂಟ

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಬಂತಂತೆ. ಅವ್ವ ಪಟ್ಟ ಪಾಡು ಅವ್ವನಿಗೇ ಗೊತ್ತು. ನನಗೆ ಮಾತ್ರ ಪುಕ್ಕಟೆ ಒಂದು ಕಸುಬು ಸಿಕ್ಕಿತು. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಸೊಂಟದ ಉಳುಕು ಹೋಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ಒದೆ ಎಂದರೆ ಗುದ್ದಾಟವಲ್ಲ. ಹೊಸ್ತಿಲ ಬಳಿ ಬೋರಲು ಮಲಗಿದವರ ಸೊಂಟದ ಮೇಲೆ ಅಂಗಾಲಿಟ್ಟು ಮೆಲ್ಲಗೆ ನೀವುವುದು, ಅಷ್ಟೇ. ಹನಕೆರೆಗೆ ಸೊಸೆಯಾಗಿ ಬಂದ ಹೊಸದರಲ್ಲೇ ಈ ಸುದ್ದಿ ಊರೆಲ್ಲ ಹರಡಿತು. ಭಾನುವಾರ ನಾನು ಹಲ್ಲುಜ್ಜುವ ಮೊದಲೇ ಯಾರಾದರೂ ಬಂದು ಬಾಗಿಲಲ್ಲಿ ಬಿದ್ದುಕೊಂಡಿರುತ್ತಿದ್ದರು. ಮಲಗಿದವರು ಹಿರಿಯರಾದರೆ, ಒದ್ದಾದ ಮೇಲೆ ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಕಾಲು ತಾಗಿಸಿದ ಪಾಪ ಅಲ್ಲಿಗೆ ಕಳೆಯಿತು.

ನನ್ನ ಖಾಯಂ ಗಿರಾಕಿ ಎದುರುಮನೆ ದೊಡ್ಡವ್ವ. ಎಮ್ಮೆ ಕಟ್ಟಿಕೊಂಡು ಒಬ್ಬಳೇ ಬದುಕುವ ಮುದುಕಿ, ಬಾಯಿ ಮಾತ್ರ ಹತ್ತು ಮನೆಗಾಗುವಷ್ಟು. "ಇಸ್ಟೇನಾ? ಗಂಡ ವಟ್ಟೆಗಿಕ್ಕಕ್ಕಿಲ್ವಾ? ಇನ್ನೊಂಚೂರು ಒತ್ತಮ್ಮಿ" ಎಂದು ಮಲಗಿದಲ್ಲೇ ಬೈಯುವಳು. ನಾನೇನು ಕಮ್ಮಿಯಲ್ಲ, ಬೈಸಿಕೊಂಡಷ್ಟೂ ತಿರುಗಿಸಿ ಕೊಡುತ್ತಿದ್ದೆ.

ಊರವರ ಸೊಂಟ ನೀವುತ್ತಿದ್ದ ನನ್ನದೇ ಸೊಂಟ ಕೈಕೊಟ್ಟಿತು. ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ದಿನವಿಡೀ ಮಿಷಿನ್ ಮುಂದೆ ಕೂತು ಹೊಲಿಯುವ ಕೆಲಸ ನನ್ನದು. ನೋವು ತೊಡೆಗುಂಟ ಇಳಿಯುತ್ತಿದ್ದರೂ ಮದ್ದೂರಿನ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿಕೊಂಡು ಕಾಲ ತಳ್ಳುತ್ತಿದ್ದೆ. ಒಂದು ಶನಿವಾರ ಬಟ್ಟೆಯ ಬಂಡಲ್ ಎತ್ತುವಾಗ ಸೊಂಟದಲ್ಲಿ ಚಳಕ್ ಎಂದಿತು. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಬಲಗಾಲಲ್ಲಿ ಚಪ್ಪಲಿಯೇ ಇಲ್ಲ! ಎಲ್ಲಿ ಕಳಚಿತೋ, ಕಾಲಿಗೆ ತಿಳಿದೇ ಇರಲಿಲ್ಲ.

"ದೇವಸ್ತಾನುಕ್ಕೆ ಓಗಿದ್ದಾ, ಚಪ್ಲಿ ಬುಟ್ಟು ಬರಕ್ಕೆ?" ಎಂದು ಗಂಡ ನಕ್ಕ. ಸರಿಯಾಗಿ ಉಗಿದೆ.

ಅವನಿಗೆ ಹೇಳದ್ದು ಇನ್ನೂ ಒಂದಿತ್ತು. ಆ ಸಂಜೆಯಿಂದ ಒಂದಕ್ಕೆ ಹೋಗಿ ಕೂತರೆ ಏನೂ ಬರುತ್ತಿರಲಿಲ್ಲ. ಕೂರುವ ಜಾಗವೆಲ್ಲ ಜೋಮು, ನನ್ನ ಮೈಯೇ ಅಲ್ಲ ಎನ್ನುವ ಹಾಗೆ. ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದು ಹೇಗೆ? ಮಳವಳ್ಳಿಯಲ್ಲಿ ನನ್ನ ಹಾಗೇ ಕಾಲು ಮುಂದಾಗಿ ಹುಟ್ಟಿದ ಹೆಂಗಸೊಬ್ಬರಿದ್ದರು. ಬೆಳಿಗ್ಗೆ ಅವರಲ್ಲಿಗೆ ಹೋಗಿ ಒದೆಸಿಕೊಂಡು ಬರುವುದೆಂದು ತೀರ್ಮಾನಿಸಿದೆ. ಈಗ ನೆನೆದರೆ ನನ್ನನ್ನೇ ಬೈದುಕೊಳ್ಳುತ್ತೇನೆ. ಆಗ ಮಾತ್ರ ಊರಿಗೆಲ್ಲ ಕೊಡುವ ಮದ್ದು ನನಗೇಕಾಗದು ಎಂಬ ಧೈರ್ಯ.

ಭಾನುವಾರ ಸೀರೆ ಉಟ್ಟು ನಿಂತಿದ್ದೆ. ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿಸಲು ಗಂಡ ಬೈಕು ಹೊರಗೆ ತೆಗೆಯುತ್ತಿದ್ದ. ಅಷ್ಟರಲ್ಲಿ ದೊಡ್ಡವ್ವ ಬಂದು ಹೊಸ್ತಿಲಲ್ಲಿ ಬೋರಲು ಬಿದ್ದಳು. ಬೇಗ ಮುಗಿಸೋಣವೆಂದು ಬಾಗಿಲು ಹಿಡಿದು ಕಾಲೆತ್ತಿ ಇಟ್ಟೆ.

"ಯಾಕಮ್ಮಿ, ವರ್ಸೋ ಬಟ್ಟೆ ಬಿದ್ದಂಗಾಯ್ತದೆ?" ಎಂದು ಮಗ್ಗುಲು ತಿರುಗಿ ನನ್ನ ಪಾದ ನೋಡಿದಳು. ಬೆರಳುಗಳು ಜೋತುಬಿದ್ದಿದ್ದವು. "ಗಿಲ್ಲಿದ್ದು ಗೊತ್ತಾಯ್ತಾ?"

"ಯಾವಾಗ ಗಿಲ್ದೆ?"

ಅವಳು ಎದ್ದು ಕೂತಳು. "ವಂದುಕ್ಕೆ ಓಗಿದ್ದಾ ಬೆಳಿಗ್ಗೆ?"

ಅಂಗಳದಲ್ಲಿ ಗಂಡ. ನಾಚಿಕೆಯಿಂದ ಸತ್ತೆ. "ನೆನ್ನೆ ಸಂಜೆಯಿಂದ ಬಂದಿಲ್ಲ ದೊಡ್ಡವ್ವ. ಅದ್ಕೇ ಮಳವಳ್ಳಿಗೆ ಒದೆಸ್ಕಳಕ್ಕೆ ಒಂಟಿವ್ನಿ."

"ಒದೆ ಉಳುಕಿಗೆ ಕಣಮ್ಮಿ, ಇದು ಉಳುಕಲ್ಲ. ನನ್ನ ಮೊದ್ಲಿನ ಎಮ್ಮೆ ಇಂಗೇ ಇಂಗಾಲು ಎಳ್ಕಂಡು, ಉಚ್ಚೆ ಕಟ್ಕಂಡು ನಿಂತಿತ್ತು. ನಾಳೆ ನೋಡುವಾ ಅಂದೆ. ಮಲಗಿದ್ದು ಮತ್ತೆ ಏಳ್ನೇ ಇಲ್ಲ."

"ನನ್ನೇ ಎಮ್ಮೆ ಅಂತೀಯಾ?"

"ಎಮ್ಮೆಯಾಗಿದ್ರೆ ಇಸ್ಟೊತ್ಗೆ ಅಗ್ಗ ಇಡ್ದು ಎಳ್ಕಂಡು ಓಗಿರ್ತಿದ್ದೆ! ಲೇ, ಬೈಕು ಬುಡ್ಲಾ, ಆಟೋ ಕರ್ಕಂಬಾ. ಮಂಡ್ಯದ ಆಸ್ಪತ್ರೆಗೆ!"

ಸಗಣಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳೂ ಆಟೋ ಹತ್ತಿದಳು.

ಆಸ್ಪತ್ರೆಯ ಡಾಕ್ಟರಮ್ಮ ಸೂಜಿಯಲ್ಲಿ ಕಾಲು ಚುಚ್ಚಿ ನೋಡಿ, ದೊಡ್ಡವ್ವ ಕೇಳಿದ್ದನ್ನೇ ಕೇಳಿದರು. ಸ್ಕ್ಯಾನಿಂಗ್ ಆದ ಮೇಲೆ ಪಕ್ಕದಲ್ಲಿ ಕೂತು ಸಮಾಧಾನವಾಗಿ ತಿಳಿಸಿದರು: "ಬೆನ್ನುಹುರಿ ಸೊಂಟದ ಹತ್ತಿರ ಮುಗಿಯುತ್ತೆ ಕಣಮ್ಮ. ಅಲ್ಲಿಂದ ಕೆಳಗೆ ನರಗಳು ಕುದುರೆ ಬಾಲದ ಥರ ಇಳಿಬಿದ್ದಿರುತ್ತವೆ. ಕಾಲಿಗೆ, ಮೂತ್ರಕ್ಕೆ, ಎಲ್ಲದಕ್ಕೂ ಅವೇ. ನಿಮ್ಮ ಡಿಸ್ಕ್ ಜಾರಿ ಅವುಗಳನ್ನ ಅಮುಕ್ತಾ ಇದೆ. ಇವತ್ತೇ ಆಪರೇಷನ್ ಆಗಬೇಕು. ತಡ ಮಾಡಿದರೆ ಕಾಲು ಸ್ವಾಧೀನಕ್ಕೆ ಬರದೆ ಹೋಗಬಹುದು, ಮೂತ್ರಕ್ಕೆ ಹಾಕಿರೋ ಪೈಪು ಜೀವನಪೂರ್ತಿ ಉಳಿಯಬಹುದು." ಮಳವಳ್ಳಿಯ ಒದೆಯ ವಿಷಯ ಹೇಳಿದಾಗ ಅವರು ನಗಲಿಲ್ಲ. ನನ್ನ ಕೈ ಹಿಡಿದುಕೊಂಡರು.

ದೊಡ್ಡವ್ವ ಕಿವಿಯಲ್ಲಿ ಉಸುರಿದಳು: "ನಾನು ಎಮ್ಮೆ ಅಂದೆ, ಡಾಕ್ಟ್ರಮ್ಮ ಕುದ್ರೆ ಅಂದ್ರು. ಈಗ ಅವರ್ನೂ ಬಯ್ಯಿ ನೋಡುವಾ." ಅಳುತ್ತಿದ್ದವಳಿಗೆ ನಗು ಬಂತು.

ಆಪರೇಷನ್ ಆಯಿತು. ಕಾಲು ಪೂರಾ ಬರುತ್ತದೆಂದು ಯಾರೂ ಮಾತು ಕೊಡಲಿಲ್ಲ, ಕಾಯಬೇಕು ಎಂದರು. ಪೈಪು ತೆಗೆದ ದಿನ ಗಂಡನ ಹೆಗಲು ಹಿಡಿದು ಕಕ್ಕಸಿಗೆ ಹೋಗಿ ಕೂತೆ. ಎಷ್ಟೋ ಹೊತ್ತಿನ ಮೇಲೆ ತೊಟ್ಟು ತೊಟ್ಟಾಗಿ ಬಂತು. ಅಯ್ಯೋ ದೇವರೇ, ಆ ಸದ್ದು! ಒಳಗಿನಿಂದಲೇ "ಬಂತು" ಎಂದು ಕೂಗಿಬಿಟ್ಟೆ. ಹೊರಗೆ ನಿಂತಿದ್ದ ಗಂಡ ಗೋಡೆಗೆ ಮುಖ ಕೊಟ್ಟು ಅತ್ತನಂತೆ, ಆಯಾ ಹೇಳಿದಳು. ಆಮೇಲೆ ಕೋಲು, ಕಾಲ್ಬೆರಳಲ್ಲಿ ಟವೆಲ್ ಎಳೆಯುವ ವ್ಯಾಯಾಮ, ದಿನವೂ ದೊಡ್ಡವ್ವನ ಒಂದು ಲೋಟ ಹಾಲು ಮತ್ತು ಬೈಗುಳ. ಕಿರುಬೆರಳು ಇವತ್ತಿಗೂ ಮಂಕಾಗಿದೆ, ಇರಲಿ.

ಕೋಲು ಬಿಟ್ಟ ಮೇಲೊಂದು ಭಾನುವಾರ ದೊಡ್ಡವ್ವ ಮತ್ತೆ ಬಂದು ಹೊಸ್ತಿಲಲ್ಲಿ ಮಲಗಿದಳು. "ಉಳ್ಕೈತೆ, ಒದಿ" ಎಂದಳು. ಉಳುಕಿರಲಿಲ್ಲ, ನನಗೆ ಗೊತ್ತಿತ್ತು. ಬಾಗಿಲು ಹಿಡಿದು ಹೆದರುತ್ತಲೇ ಕಾಲೆತ್ತಿದೆ. ಬೆರಳು ನೆಟ್ಟಗೆ ನಿಂತವು. ಅವಳ ಸೊಂಟಕ್ಕೆ ಅಂಗಾಲು ತಾಗಿದಾಗ ಮೈಯ ಬಿಸಿ ತಿಳಿಯಿತು, ರವಿಕೆಯ ಅಂಚಿನ ಹೊಲಿಗೆ ಕೂಡ ತಿಳಿಯಿತು.

"ಬಿತ್ತು ಕಣಮ್ಮಿ, ಇವತ್ತು ಸರ್ಯಾಗಿ ಬಿತ್ತು" ಎಂದು ನೆಲಕ್ಕೆ ಮುಖವಿಟ್ಟೇ ಹೇಳಿದಳು.

ಇನ್ನು ಪಾದ ಮುಟ್ಟಬೇಕು. ಬಗ್ಗಬಾರದೆಂದು ಡಾಕ್ಟರಮ್ಮನ ಕಟ್ಟಪ್ಪಣೆ. ನನ್ನ ಪೇಚಾಟ ನೋಡಿದ ದೊಡ್ಡವ್ವ, "ನಿಂತ್ಕ" ಎಂದು ಗದರಿ ಜಗಲಿ ಹತ್ತಿ ಕೂತು ಎರಡೂ ಕಾಲನ್ನು ನನ್ನ ಕೈಗೆ ಚಾಚಿದಳು. ಹಿಮ್ಮಡಿಯೆಲ್ಲ ಒಡೆದ, ಕೊಟ್ಟಿಗೆ ವಾಸನೆಯ ಕಾಲು. ಕಣ್ಣಿಗೊತ್ತಿಕೊಂಡೆ.

"ಪಾಪ ಕಳೀತಲ್ಲ, ಬುಡಮ್ಮಿ, ಎಮ್ಮೆ ಕಾಯ್ತದೆ" ಎಂದಳು. ನಾನು ಬಿಡಲಿಲ್ಲ.