ಮದ್ದಿಗೂ ಕೊಸರು

ಅಪ್ಪನದು ಕಾರ್ಕಳದ ಕಡೆ ಜಿನಸಿ ಅಂಗಡಿ. ಗಿರಾಕಿ ಎದುರು ನಿಂತಿದ್ದಾಗ ಅಕ್ಕಿಯ ಸೇರನ್ನು ಬೆರಳಿನಿಂದ ಎರಡು ಸಲ ತಟ್ಟಬೇಕು ಎಂದು ಅವರು ಕಲಿಸಿದ್ದರು. ತಟ್ಟಿದರೆ ಕಾಳು ಕುಸಿದು ಇನ್ನಷ್ಟು ಹಿಡಿಸುತ್ತದೆ. ಅದು ಕೊಸರು, ಪುಕ್ಕಟೆ. ಹತ್ತು ವರ್ಷ ಆ ಗಲ್ಲೆಯ ಹಿಂದೆ ನಿಂತವನ ಕೈಗೆ ಇಂಥದ್ದು ಅಂಟಿಬಿಡುತ್ತದೆ. ನಾನದನ್ನು ಒಳ್ಳೆಯ ಬುದ್ಧಿ ಎಂದೇ ತಿಳಿದಿದ್ದೆ.

ಮಸ್ಕತ್ತಿಗೆ ಬಂದು, ನಾಲ್ಕಾರು ಗೋದಾಮುಗಳಲ್ಲಿ ಸ್ಟೋರ್‌ಕೀಪರ್ ಆಗಿ ತಿರುಗಿ, ಕಡೆಗೆ ಸೀಬ್ ಆಚೆಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ನೆಲೆ ನಿಂತೆ. ಅಲ್ಲಿ ಪಿಸ್ತೂಲಿನ ತೋಟೆಗಳನ್ನು ಮರಳಿ ತುಂಬುತ್ತಾರೆ. ಹಾರಿಸಿ ಖಾಲಿಯಾದ ಹಿತ್ತಾಳೆಯ ಕೋಶಕ್ಕೆ ಹೊಸ ಮದ್ದು, ಹೊಸ ಗುಂಡು. ಮದ್ದು ಅಳೆಯುವುದಕ್ಕೆ ಒಂದು ಸಣ್ಣ ಯಂತ್ರ. ಮೇಲೆ ಮದ್ದಿನ ಡಬ್ಬ, ಪಕ್ಕದಲ್ಲಿ ಒಂದು ಹಿಡಿ. ಹಿಡಿಯನ್ನು ಎತ್ತಿ ಇಳಿಸಿದರೆ ಒಂದು ಅಳತೆ ಕೆಳಗೆ ಬೀಳುತ್ತದೆ. ಒಮಾನಿ ಮೇಲ್ವಿಚಾರಕರು ನನಗೆ ಒಂದು ತಿಂಗಳು ಕಲಿಸಿದ್ದು ಇಷ್ಟೇ: ಪ್ರತಿ ಸಲ ಅದೇ ವೇಗ, ಮೇಜು ಅಲುಗಬಾರದು, ಹತ್ತಕ್ಕೊಂದನ್ನು ತಕ್ಕಡಿಗೆ ಹಾಕಿ ನೋಡಬೇಕು. ನನ್ನ ಮದ್ದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗುವುದಿಲ್ಲ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಜಂಬ ಬರದೆ ಇರುತ್ತದೆಯೇ?

ಸಂಜೆ ಆಫೀಸು ಮುಗಿಸಿ ಅಭ್ಯಾಸಕ್ಕೆ ಒಬ್ಬ ಹುಡುಗಿ ಬರುತ್ತಿದ್ದಳು, ಬಲೂಚಿ ಮನೆತನದವಳು. ಇಪ್ಪತ್ತೈದರ ಒಳಗೆ ವಯಸ್ಸು, ಚೆನ್ನಾಗಿ ಹಿಂದಿ ಮಾತಾಡುತ್ತಿದ್ದಳು. ಆ ವರ್ಷ ತಂಡದ ಆಯ್ಕೆಗೆ ಅವಳ ಹೆಸರಿತ್ತು. ಅದೊಂದು ಆದರೆ ಸಾಕು ಎಂದು ಮೂರು ವರ್ಷ ಬೆವರು ಹರಿಸಿದ್ದಳು. ನನ್ನ ಕೋಣೆಯ ಕಿಟಕಿಯ ಕಟ್ಟೆಗೆ ಮೊಣಕೈ ಊರಿ, ಕೆಲಸ ನೋಡುತ್ತ ಮಾತಾಡುತ್ತಿದ್ದಳು. ನನಗೂ ಅವಳೆಂದರೆ ಮಮತೆ. ಆಯ್ಕೆಗೆ ಬೇಕಾದ ತೋಟೆಗಳನ್ನು ಬೇರೆ ಯಾರಿಗೂ ಬಿಡದೆ ನಾನೇ ತುಂಬಿಕೊಟ್ಟೆ.

ಆಯ್ಕೆಯ ದಿನ ಅವಳ ಗುಂಡು ಒಂದು ನಡುವಿಗೆ ಬಿದ್ದರೆ ಮುಂದಿನದು ಬೆರಳಗಲ ಕೆಳಕ್ಕೆ, ಮತ್ತೆ ನಡುವಿಗೆ, ಮತ್ತೆ ಕೆಳಕ್ಕೆ. ಕೆಲವೇ ಅಂಕಗಳಲ್ಲಿ ಹೋಯಿತು. ಅವಳು ಪಿಸ್ತೂಲು ಇಟ್ಟು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಕಿಟಕಿಗೆ ಬಂದಳು.

"ಅಂಕಲ್, ಗೋಲಿ ಠೀಕ್ ಥೀ?" ಗುಂಡು ಸರಿಯಿತ್ತೇ ಎಂದು ಕೇಳಿದಳು.

ಮದ್ದು ಅಳೆಯುವುದು ಯಂತ್ರ, ಯಂತ್ರ ತಪ್ಪುವುದಿಲ್ಲ, ತಪ್ಪುವುದು ಕೈ ಎಂದೆ. ಸಮಾಧಾನದ ದನಿಯಲ್ಲೇ ಹೇಳಿದೆ. ಅವಳು ತಲೆಯಾಡಿಸಿ ಹೋದಳು.

ಉಳಿದ ತೋಟೆಗಳು ನನ್ನ ಬಳಿಗೆ ವಾಪಸು ಬಂದವು. ನನ್ನ ಮಾತೇ ಸರಿ ಎಂದು ನನಗೆ ನಾನೇ ತೋರಿಸಿಕೊಳ್ಳಲು ಅವುಗಳ ಗುಂಡು ಕಿತ್ತು ಮದ್ದು ತೂಗಿದೆ. ಅರ್ಧ ಸರಿಯಾಗಿದ್ದವು. ಉಳಿದರ್ಧ ತುಸು ಭಾರ. ಅಪಾಯವಾಗುವಷ್ಟಲ್ಲ, ಗುರಿ ಕೆಡಿಸುವಷ್ಟು. ಮದ್ದು ಹೆಚ್ಚಾದರೆ ಪಿಸ್ತೂಲು ಮೇಲಕ್ಕೆ ಎಗರುವ ಮೊದಲೇ ಗುಂಡು ಹೊರಬಿದ್ದು ಕೆಳಗೆ ತಾಗುತ್ತದೆ. ತಕ್ಕಡಿಯನ್ನೇ ಬೈದು, ಮತ್ತೆ ತೂಗಿದೆ. ತಕ್ಕಡಿಗೆ ಏನೂ ಆಗಿರಲಿಲ್ಲ.

ಕಾರಣ ತಿಳಿದದ್ದು ಶುಕ್ರವಾರ, ಮವಾಲೇಹ್‌ನ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ. ಹೆಂಡತಿ ಪಾತ್ರೆ ಹಿಡಿದು ನಿಂತಿದ್ದಳು, ನಾನು ಚೀಲದಿಂದ ಅಕ್ಕಿ ಅಳೆಯುತ್ತಿದ್ದೆ.

"ಎಂತಕ್ಕೆ ಮಾರಾಯ್ರೆ ಅದನ್ನು ತಟ್ಟುದು? ನಾನೆಂತ ನಿಮ್ಮ ಗಿರಾಕಿಯಾ?"

ಲೋಟ ಹಿಡಿದ ಕೈ ಅಲ್ಲೇ ನಿಂತಿತು. ಒಬ್ಬನೇ ಇದ್ದಾಗ ನಾನು ಯಂತ್ರವನ್ನು ತಟ್ಟುತ್ತಿರಲಿಲ್ಲ. ತಕ್ಕಡಿಗೆ ಹಾಕುತ್ತಿದ್ದದ್ದೂ ಆಗಲೇ. ಆ ಹುಡುಗಿ ಬಂದು ಕಟ್ಟೆಗೆ ಒರಗಿದರೆ ಮಾತಿನ ಭರದಲ್ಲಿ ತಕ್ಕಡಿ ಮರೆತುಹೋಗುತ್ತಿತ್ತು, ಬೆರಳು ಡಬ್ಬವನ್ನು ಎರಡು ಸಲ ತಟ್ಟುತ್ತಿತ್ತು. ಪ್ರೀತಿಯಿಂದ ಅವಳ ಮದ್ದಿಗೂ ಕೊಸರು ಹಾಕಿದ್ದೆ, ಅವಳಿಗೇ, ಅವಳ ಕಣ್ಣೆದುರೇ.

ಹೆಂಡತಿಗೆ ಎಲ್ಲ ಹೇಳಿದೆ. "ನಾಳೆಯೇ ಹೇಳಿಬಿಡಿ," ಎಂದಳು ಅವಳು. "ಪಾಪ, ಆ ಹುಡುಗಿ ತನ್ನ ಕೈಯೇ ಸರಿಯಿಲ್ಲ ಅಂತ ಗ್ರೇಶಿಕೊಂಡು ಕೂತಿರ್ತದೆ ಅಲ್ವಾ?"

ನಿನಗೇನು ಗೊತ್ತು, ಕೆಲಸ ಹೋದರೆ ವೀಸಾ ಯಾರು ಕೊಡುತ್ತಾರೆ ಎಂದು ರೇಗಿದೆ. ವೀಸಾ ಒಂದು ನೆಪ. ಕೂದಲೆಳೆಯಷ್ಟೂ ತಪ್ಪದವನು ಎನ್ನಿಸಿಕೊಂಡವನ ಬಾಯಲ್ಲಿ ತಪ್ಪಿದೆ ಎನ್ನಲು ಆಗಲಿಲ್ಲ. ಅಂದಿನಿಂದ ಒಂದೊಂದು ತೋಟೆಯನ್ನೂ ತೂಗಿಯೇ ತುಂಬಿದೆ. ಅವಳ ಕಾರು ಕಂಡರೆ ಮಾತ್ರ ಹಿಂದಿನ ಬಾಗಿಲಿನಿಂದ ಗೋದಾಮಿಗೆ ಹೋಗಿ ನಿಲ್ಲುತ್ತಿದ್ದೆ. ನಾಚಿಕೆಗೇಡು.

ಮೂರು ವಾರದ ಮೇಲೆ ಅವಳೇ ನನ್ನನ್ನು ಹುಡುಕಿಕೊಂಡು ಗೋದಾಮಿಗೆ ಬಂದಳು. ಕೈಯಲ್ಲಿ ಲಾಕರಿನ ಕೀಲಿ, ಒಂದು ಡಬ್ಬಿ ಹಲ್ವ. ಶೂಟಿಂಗ್ ಬಿಟ್ಟಿದ್ದೇನೆ, ಕೀಲಿ ಕೊಟ್ಟು ಹೋಗಲು ಬಂದೆ ಎಂದಳು. ಮನೆಯವರು ಗಾಳಿಯನ್ನು ಬೈದರಂತೆ, ಕೋಚ್ ಅದೃಷ್ಟವನ್ನು ಬೈದರಂತೆ.

"ಸಬ್ ನೇ ಝೂಠ್ ಬೋಲಾ, ಅಂಕಲ್. ಸಚ್ ಸಿರ್ಫ್ ಆಪ್ ನೇ ಬೋಲಾ," ಎಂದಳು. ಎಲ್ಲರೂ ಸುಳ್ಳು ಹೇಳಿದರು, ನಿಜ ಹೇಳಿದವರು ನೀವೊಬ್ಬರೇ. ತನ್ನ ಕೈ ಸರಿಯಿಲ್ಲ ಎನ್ನುವ ಧೈರ್ಯ ಇನ್ಯಾರಿಗೂ ಬರಲಿಲ್ಲ ಎಂದು ಥ್ಯಾಂಕ್ಸ್ ಹೇಳಿದಳು.

ಆಗ ಹೇಳಬಹುದಿತ್ತು. ಒಂದು ವಾಕ್ಯದ ಕೆಲಸ. ನಾಲಿಗೆಯ ತುದಿಗೂ ಬಂದಿತ್ತು. ನಾನು ಹಲ್ವದ ಡಬ್ಬಿ ಇಸಿದುಕೊಂಡು "ಮಾಫಿ ಮುಷ್ಕಿಲ್" ಅಂದೆ. ಏನೂ ತೊಂದರೆಯಿಲ್ಲ ಎನ್ನುವುದಕ್ಕೆ ಇಲ್ಲಿ ಎಲ್ಲರೂ ದಿನಕ್ಕೆ ನೂರು ಸಲ ಆಡುವ ಅರಬಿ ಮಾತು. ಅದನ್ನೇ ಹಿಂದಿಯಲ್ಲಿ ಕೇಳಿದರೆ ಕ್ಷಮೆ ಕಷ್ಟ ಎಂದಾಗುತ್ತದೆ. ಇಷ್ಟು ವರ್ಷದಲ್ಲಿ ನನ್ನ ಕಿವಿಗೆ ಅದು ಹಾಗೆ ಬಿದ್ದದ್ದು ಅಂದೇ. ಅವಳಿಗೂ ಹಿಂದಿ ಬರುತ್ತಿತ್ತು. ಆದರೆ ಅವಳು ಅರಬಿಯಲ್ಲೇ ಕೇಳಿಸಿಕೊಂಡು, ನಕ್ಕು, ಕಾರು ಹತ್ತಿದಳು.