ಅಪ್ಪನ ಉಡದಾರದ ಗೆಜ್ಜೆ

ದೆವ್ವ, ಗಾಳಿ, ಸೋಂಕು ಎನ್ನುವವರನ್ನು ಕಂಡರೆ ನಾನು ಮುಖದ ಮೇಲೇ ನಗುತ್ತಿದ್ದವನು. ಕಿವಿಯಾರೆ ಕೇಳಿದೆ ಎಂದು ಯಾರಾದರೂ ಆಣೆ ಹಾಕಿದರೆ, ಹೋಗಿ ಕಿವಿ ತೊಳೆದುಕೋ ಎನ್ನುತ್ತಿದ್ದೆ. ಈಗ ಹಾಗೆನ್ನಲು ನನಗೆ ಬಾಯಿಲ್ಲ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು ನಾನು. ಸಿಂಗರಿಸಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮ ಮನೆ ಹಳೇ ಹುಬ್ಬಳ್ಳಿಯಲ್ಲಿ. ಅಪ್ಪ ಹೊರಸು, ಅಂದರೆ ಹಗ್ಗದ ಮಂಚ, ಹೆಣೆಯುತ್ತಿದ್ದ, ನಾನೂ ಅದನ್ನೇ ಕಲಿತೆ. ಅಪ್ಪನಿಗೆ ಅರಳು ಮರಳು ಶುರುವಾದದ್ದು ಕೈಯಿಂದ. ಹಗ್ಗ ಹಿಡಿದು, ಮುಂದೇನು ಮಾಡಬೇಕೆಂದು ತಿಳಿಯದೆ ಕೂತುಬಿಡುತ್ತಿದ್ದ. ಆಮೇಲೆ ಉಂಡದ್ದು ಮರೆತ, ಅವ್ವನ ಹೆಸರು ಮರೆತ, ಕಡೆಗೆ ನನ್ನನ್ನೂ ಮರೆತ. ಉಣಿಸುವುದು, ತೊಳೆಯುವುದು, ಬಟ್ಟೆ ಬದಲಿಸುವುದು ಎಲ್ಲ ನಾನು ಮತ್ತು ಅವ್ವ. ಅದು ಹೇಗೋ ನಡೆಯುತ್ತಿತ್ತು. ಸುಧಾರಿಸಲಾಗದ್ದು ಒಂದೇ: ಬಾಗಿಲು ತೆರೆದಿದ್ದರೆ ಎದ್ದು ಹೋಗಿಬಿಡುತ್ತಿದ್ದ.

ಒಂದು ದಿನ ಅವ್ವ ಟ್ರಂಕಿನಿಂದ ಬೆಳ್ಳಿ ಗೆಜ್ಜೆ ತೆಗೆದಳು. ನಾನು ಕೂಸಾಗಿದ್ದಾಗ ನನ್ನ ಉಡದಾರಕ್ಕೆಂದು ಅಪ್ಪ ಮಾಡಿಸಿದ್ದವು.

"ನಡಿಯಾಕ ಕಲ್ತ ಕೂಸಿಗೆ ಕಟ್ತೇವಲ್ಲ, ಎಲ್ಲಿ ಹೊಂಟೈತಿ ತಿಳೀಲಿ ಅಂತ. ಇವರಿಗೂ ಕಟ್ಟೂಣು" ಎಂದಳು. ಹೇಳಿದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾನು ಕಣ್ಣು ಒರೆಸಿಕೊಳ್ಳಲಿಲ್ಲ. ಛಲೋ ಆಯಿತೆಂದು ಅಪ್ಪನ ಉಡದಾರಕ್ಕೆ, ಅವನ ಕೈಗೆ ನಿಲುಕದಂತೆ ಬೆನ್ನ ಕಡೆ, ಬಿಗಿದು ಕಟ್ಟಿದೆ. ಅಂದಿನಿಂದ ನಾನು ಅಪ್ಪನನ್ನು ನೋಡುವುದು ಬಿಟ್ಟು ಬರೀ ಕೇಳತೊಡಗಿದೆ. ಅಪ್ಪ ಕಾಲು ಎಳೆದು ನಡೆಯುತ್ತಿದ್ದ. ಗೆಜ್ಜೆಯೂ ಹಾಗೇ, ತಡೆದು ತಡೆದು ನುಡಿಯುತ್ತಿತ್ತು.

ಅವತ್ತು ಅವ್ವ ಸಂತೆಗೆ ಹೋಗಿದ್ದಳು. ನಾನು ಮುಂಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಕಟ್ಟೆಯ ಮೇಲೆ ಹೊರಸು ಬಿಗಿಯುತ್ತಿದ್ದೆ. ಬಿಗಿಯುವಾಗ ನಡುವೆ ಕೈಬಿಟ್ಟರೆ ಹಗ್ಗವೆಲ್ಲ ಸಡಿಲಾಗಿ ಮೊದಲಿನಿಂದ ಎಳೆಯಬೇಕು. ಒಳಗೆ ಗೆಜ್ಜೆ ಕೇಳುತ್ತಲೇ ಇತ್ತು. ಎಂದಿಗಿಂತ ಚುರುಕಾಗಿತ್ತು. ಅಪ್ಪ ಇವತ್ತು ಹುರುಪಿನಲ್ಲಿದ್ದಾನೆ ಎಂದುಕೊಂಡೆ.

ಮಧ್ಯಾಹ್ನ ಉಣಕಲ್ಲಿನ ಈರಪ್ಪ ಕಾಕಾ ಬಂದ. ಸೈಕಲ್ ಮೇಲೆ ಹಾಲು ತರುವವನು, ಅಪ್ಪನ ಹಳೇ ಗುರುತು.

"ಏ ತಮ್ಮಾ, ನಿಮ್ಮಪ್ಪ ನಮ್ಮೂರ ಕೆರಿ ದಂಡಿ ಮ್ಯಾಲ ಕುಂತಾನಲ್ಲೋ. ಮಾತಾಡ್ಸಿದ್ರ ಹ್ಞಾಂ ಇಲ್ಲ ಹ್ಞೂಂ ಇಲ್ಲ."

"ಯಾರ್ನ ನೋಡಿ ಬಂದ್ರೋ ಏನೋ, ಕಾಕಾ. ಅಪ್ಪ ಒಳಗದಾನ್ರಿ."

"ಒಂದ್ಸಲ ಎದ್ದು ನೋಡಲಾ."

"ಹಗ್ಗ ಬಿಟ್ರ ಮತ್ತ ನೀವು ಬಂದು ಎಳೀತೀರೇನು? ಕಿವಿಗೊಟ್ಟು ಕೇಳ್ರಿ."

ಆತ ಸೈಕಲ್ ಹಿಡಿದು ನಿಂತು ಕೇಳಿದ. ಗೆಜ್ಜೆಯ ಸಪ್ಪಳ ಅಡುಗೆಮನೆಯ ಕಡೆಯಿಂದ ಬಂದು, ಬಾಗಿಲ ಹಿಂದೆಯೇ ನಿಂತಿತು. ಸ್ವಲ್ಪ ತಡೆದು ಮತ್ತೆ ಒಳಗೆ ಹೋಯಿತು.

"ಹೌದಲೇ! ಹುಡುಗೋರ್ಗತೆ ಓಡ್ಯಾಡಾಕತ್ತಾನ ಮುದುಕ. ನನ್ನ ಕಣ್ಣಾಗ ಪೊರಿ ಬಂದೈತಿ" ಎಂದು ನಕ್ಕು ಹೋದ.

ಸಂಜೆ ಅವ್ವ ಬಂದು ಚಿಲಕ ತೆಗೆದಳು. ಒಳಗೆ ಯಾರೂ ಇರಲಿಲ್ಲ. ಹಿತ್ತಲ ಬಾಗಿಲು ಹಾರು ಹೊಡೆದಿತ್ತು. ಸಪ್ಪಳವೂ ಇರಲಿಲ್ಲ. ಅವ್ವ ನನ್ನ ಮುಖ ನೋಡಿದಳು. ನಾನು ಧಾರವಾಡ ರಸ್ತೆ ಹಿಡಿದು ಉಣಕಲ್ಲಿನ ಕೆರೆಗೆ ಓಡಿದೆ.

ಇಳಿಹೊತ್ತಿನಲ್ಲಿ ಅಪ್ಪ ಕೆರೆಯಲ್ಲಿ ಇಳಿದುಬಿಟ್ಟಿದ್ದನಂತೆ. ಬಟ್ಟೆ ಒಗೆಯುವ ಹೆಂಗಸರು ಎಳೆದು ತಂದು, ಒಣ ಸೀರೆ ಸುತ್ತಿ ಕೂರಿಸಿದ್ದರು. ಅವರಲ್ಲೊಬ್ಬಳು ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ನೀನೇನೋ ಮಗ? ಹೊತ್ತೇರಿದಾಗಿಂದ ಇಲ್ಲೇ ಅದಾನ. ಮನ್ಯಾಗಿನವರಿಗೆ ಖಬರಿಲ್ಲೇನು?"

ನಾನು ಅಪ್ಪನ ಬೆನ್ನ ಹಿಂದೆ ಕೈಯಾಡಿಸಿದೆ. ಗೆಜ್ಜೆ ಅಲ್ಲೇ ಇದ್ದವು, ನಾನು ಕಟ್ಟಿದ ಗಂಟಿನಲ್ಲೇ. ಮುದುಕನಿಗೆ ಕೂಸಿನ ಗೆಜ್ಜೆ ಕಟ್ಟಿದ್ದು ಅವಳಿಗೂ ಕಂಡಿತು. "ಅಯ್ಯ ಶಿವನೇ" ಎಂದು ಮುಖ ಆಚೆ ತಿರುಗಿಸಿದಳು. ಭೂಮಿ ಬಾಯಿಬಿಡಬಾರದೇ ಎನಿಸಿತು.

ಅಪ್ಪ ನನ್ನ ಕೈ ಹಿಡಿದ. "ಅಣ್ಣಾರ, ನನ್ನ ಮಗ ಮನ್ಯಾಗ ಒಬ್ಬನ ಅದಾನ್ರಿ. ಈಗಿನ್ನೂ ಓಡ್ಯಾಡಾಕ ಕಲ್ತಾನ. ಬಾಗಿಲ ತನಕಾ ಬಂದು ನಿಂತಿರ್ತಾನ. ಯಾರರ ಹೋಗಿ ತಗೀರಿ."

"ನಾನ ಅಪ್ಪಾ ನಿನ್ನ ಮಗ" ಎಂದೆ.

ಕಾಲಿಂದ ತಲೆಯವರೆಗೆ ನೋಡಿದ. "ನೀವು ದೊಡ್ಡವರದೀರಿ" ಎಂದ.

ಚಕ್ಕಡಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. ಗೆಜ್ಜೆ ಬಿಚ್ಚಿದೆ. ಥಂಡಿ ಎದೆಗೆ ಇಳಿದಿತ್ತು. ಅಪ್ಪ ಆಮೇಲೆ ಎದ್ದು ಓಡಾಡಲೇ ಇಲ್ಲ. ಆ ಮಳೆಗಾಲ ದಾಟಲಿಲ್ಲ.

ಯಾರದೋ ಆಡಿನ ಗೆಜ್ಜೆ ಇದ್ದೀತೆಂದು ಓಣಿಯಲ್ಲಿ ವಿಚಾರಿಸಿದೆ, ಯಾರ ಆಡಿಗೂ ಗೆಜ್ಜೆ ಇರಲಿಲ್ಲ. ಕಡೆಗೆ ಈರಪ್ಪ ಕಾಕಾನ ಬಳಿ ಹೋದೆ. "ನನಗೇನೂ ಕೇಳಿಸಲಿಲ್ಲ, ನಿನಗೆ ಭ್ರಮೆ" ಎಂದು ಆತ ಅಂದರೆ ಸಾಕಾಗಿತ್ತು.

"ಕೇಳಿದ್ದು ಖರೇ ಐತಿ" ಎಂದ. "ಅದೇನಿತ್ತೋ ದೇವರಿಗೆ ಗೊತ್ತು. ಆದ್ರ ಎದ್ದು ನೋಡಂತ ನಾ ಅಂದಿದ್ನಿಲ್ಲೋ, ತಮ್ಮಾ?"

ಅಂದಿದ್ದ. ಕಟ್ಟೆಯಿಂದ ಬಾಗಿಲು ಕೈಯಳತೆಯಲ್ಲಿತ್ತು. ತೆಗೆದಿದ್ದರೆ ಅಪ್ಪ ಉಳಿಯುತ್ತಿದ್ದ. ಒಳಗೆ ನಿಂತಿದ್ದವರು ಯಾರು ಎಂದೂ ತಿಳಿಯುತ್ತಿತ್ತು.